ಟ್ರಿನಿಟಿಯೂ ನಮ್ಮ ಮಾವನ ಅಸ್ಸೇ ಆಫೀಸೂ

ಕೆಜಿಎಫ್ ಕಡೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ಯಾರನ್ನಾದರೂ ನಿಲ್ಲಿಸಿ, ಟ್ರಿನಿಟಿ ಎಂದರೇನು ಎಂದು ಕೇಳಿ ನೋಡಿ. ‘ಹಲಸೂರು ಆದ ಮೇಲೆ, ಎಂ.ಜಿ. ರೋಡಿಗಿಂತ ಮುಂಚೆ’ ಎಂದು ಥಟ್ಟನೆ ಉತ್ತರ ಬರುತ್ತದೆ. ಮಾರಿಕುಪ್ಪಂ ಗಾಡಿಯನ್ನು ಬೆಳಗಿನ ಜಾವ ಕಣ್ಣುಜ್ಜಿಕೊಂಡು ಹತ್ತಿ, ವೈಟ್‌ಫೀಲ್ಡಿನಲ್ಲೋ ಕೆ.ಆರ್. ಪುರದಲ್ಲೋ ಇಳಿದು ಮೆಟ್ರೊ ಹಿಡಿಯುವ ನಮ್ಮ ಜನರ ಕಿವಿಗೆ ಆ ಹೆಸರು ಹೋಗುವಾಗೊಮ್ಮೆ ಬರುವಾಗೊಮ್ಮೆ ಬಿದ್ದೇ ಬೀಳುತ್ತದೆ. ನಿಲ್ದಾಣಕ್ಕೆ ಆ ಹೆಸರು ಬಂದದ್ದು ಪಕ್ಕದ ಸರ್ಕಲ್ಲಿನಿಂದ. ಸರ್ಕಲ್ಲಿಗೆ ಬಂದದ್ದು 1851ರ ಹೊತ್ತಿಗೆ ಕಂಟೋನ್ಮೆಂಟಿನ ಬ್ರಿಟಿಷ್ ಸೇನೆಯವರಿಗೆಂದು ಕಟ್ಟಿದ ಹೋಲಿ ಟ್ರಿನಿಟಿ ಚರ್ಚಿನಿಂದ. ಚರ್ಚಿಗೆ ಎಲ್ಲಿಂದ ಬಂತು ಎಂದು ಇನ್ನೊಂದು ಮೆಟ್ಟಿಲು ಮೇಲೆ ಹತ್ತಿದಿರೋ, ಡಬ್ಬಿಯಲ್ಲಿದ್ದವರಿಗೆಲ್ಲ ಒಟ್ಟಿಗೇ ಮೊಬೈಲ್ ನೋಡುವ ತುರ್ತು ಬಂದುಬಿಡುತ್ತದೆ. ಕ್ರೈಸ್ತರಾದರೆ ತುಸು ಹೆಚ್ಚೇ ತುರ್ತು.

ನಾನು ಬಂಗಾರಪೇಟೆಯ ಮೆಥಡಿಸ್ಟ್ ಮನೆತನದವನು. ಧಾತು-ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ, ಅಂದರೆ 1876ರಿಂದ 78ರ ಸುಮಾರಿನಲ್ಲಿ, ತಬ್ಬಲಿಯಾದ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಸಾಕಿದಳು. 1890ರಲ್ಲಿ ಆಕೆ ಅದನ್ನೆಲ್ಲ ಅಮೆರಿಕದ ಮೆಥಡಿಸ್ಟರ ಕೈಗೆ ಕೊಟ್ಟು ಹೋದಳು. ನಮ್ಮ ಮನೆಯ ದೇವರು ಗಂಜಿಯ ಬಟ್ಟಲಿನ ಜೊತೆ ಬಂದವನು ಎಂದು ನಮ್ಮಜ್ಜ ಹೇಳುತ್ತಿದ್ದುದು ಅದಕ್ಕೇ. ನನ್ನ ಹೆಂಡತಿಯ ತವರು ಚಾಂಪಿಯನ್ ರೀಫ್ಸ್, ತಮಿಳು ಕ್ಯಾಥೊಲಿಕ್ ಮನೆ, ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನ ಸಭೆ. ಎರಡೂ ಊರಿನ ನಡುವೆ ರೈಲಿನಲ್ಲಿ ಹದಿನಾರು ಕಿಲೋಮೀಟರೂ ಇಲ್ಲ. 1894ರಲ್ಲೇ ಹಳಿ ಹಾಕಿದ್ದಾರೆ. ಮೆಥಡಿಸ್ಟ್ ಅಳಿಯ ಮತ್ತು ಕ್ಯಾಥೊಲಿಕ್ ಮಾವನ ನಡುವಿನ ದಾರಿ ಮಾತ್ರ ಇನ್ನೂ ರಿಪೇರಿಯಲ್ಲೇ ಇದೆ.

ಮಾವ ಗಣಿಯ ಅಸ್ಸೇ ಆಫೀಸಿನಲ್ಲಿ ಕೆಲಸಕ್ಕಿದ್ದವರು. ಅದಿರಿನ ಸ್ಯಾಂಪಲ್ಲಿನಲ್ಲಿ ಎಷ್ಟು ಚಿನ್ನವಿದೆ ಎಂದು ಪರೀಕ್ಷೆ ಮಾಡಿ ಬರೆದುಕೊಡುವ ಜಾಗ ಅದು. ಅವರ ಬಲಗೈ ನನ್ನ ಮಟ್ಟಿಗೆ ಒಂದು ದೈವಶಾಸ್ತ್ರದ ಗ್ರಂಥ. ಹಣೆ, ಎದೆ, ಎಡಭುಜ, ಬಲಭುಜ: ತಂದೆ, ಮಗ, ಪವಿತ್ರಾತ್ಮ. ಊಟಕ್ಕೆ ಮುಂಚೆ ಒಂದು, ರೈಲು ಹೊರಟಾಗ ಒಂದು, ಆಂಬುಲೆನ್ಸ್ ಕೂಗಿದರೆ ಒಂದು. ಹಿಂದೆ ನೆಲದೊಳಗೆ ಎರಡು ಮೂರು ಕಿಲೋಮೀಟರ್ ಕೆಳಗೆ ಬಂಡೆ ಸಿಡಿದು ಲೈನ್ ಮನೆಗಳ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದಾಗ, ಏರ್ ಬ್ಲಾಸ್ಟ್ ಎಂದು ಜನ ಅದನ್ನು ಕರೆಯುತ್ತಿದ್ದರು, ಆಗಲೂ ಮೊದಲು ಎದ್ದದ್ದು ಆ ಕೈಯೇ. ಬಂಗಾರಪೇಟೆ ಪಾನಿಪುರಿಗೆ ಮುಂಚೆಯೂ ಶಿಲುಬೆ ಗುರುತು ಹಾಕುತ್ತಾರೆ. ನಮ್ಮೂರ ಪಾನಿಪುರಿಯ ನೀರು ಬಾವಿಯ ನೀರಿನಷ್ಟು ತಿಳಿ. ನೋಡಿದರೆ ಏನೂ ಇಲ್ಲ, ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು. ‘ಕಾಣದ್ದನ್ನ ನಂಬೋಕೆ ಮುಂಚೆ ಸ್ವಲ್ಪ ಪ್ರಾರ್ಥನೆ ಬೇಕು ಮಾಪಿಳ್ಳೆ’ ಎನ್ನುತ್ತಾರೆ.

ನಮ್ಮ ಮೆಥಡಿಸ್ಟರಲ್ಲಿ ಈ ಕೈಕೆಲಸವಿಲ್ಲ. ನಾವು ಕೈಕಟ್ಟಿ, ಕಣ್ಣುಮುಚ್ಚಿ, ಬಾಯಲ್ಲಿ ಹೇಳುವವರು. ಆದರೆ ಹೇಳುವುದು ಅದನ್ನೇ.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ನಮ್ಮ ಬೀದಿಯ ಆಟೋದವರೊಬ್ಬರು ಪೆಂಟೆಕೋಸ್ಟ್ ಆದರು. ಪೆಂಟೆಕೋಸ್ಟರಲ್ಲಿ ಬಹುಪಾಲು ಮಂದಿ ತ್ರಿಯೇಕ ದೇವರನ್ನೇ ನಂಬುವವರು. ಇವರು ಹೋಗಿ ಸೇರಿದ್ದು ಒಬ್ಬನೇ ದೇವರು, ಅವನ ಹೆಸರೇ ಯೇಸು, ಮೂವರ ಲೆಕ್ಕವೆಲ್ಲ ಆಮೇಲೆ ಸೇರಿಸಿದ್ದು ಎನ್ನುವ ಪಂಗಡಕ್ಕೆ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಆ ವಾದ ನಮ್ಮ ಆಟೋದ ಹಿಂದಿನ ಗಾಜಿನವರೆಗೂ ಬಂದಿತ್ತು. ಒಂದು ದಿನ ಬಾಡಿಗೆ ಚಿಲ್ಲರೆ ಕೊಡುತ್ತಾ ಕೇಳಿಯೇಬಿಟ್ಟರು: ‘ಅಣ್ಣ, ತ್ರಿಯೇಕ ಅನ್ನೋ ಮಾತು ಬೈಬಲ್‌ನಾಗೆ ಎಲ್ಲೈತೆ ತೋರ್ಸಿಬಿಡಿ. ಬರೋ ಭಾನುವಾರದಿಂದ ನಿಮ್ಮ ಚರ್ಚಿಗೇ ಬರ್ತೀನಿ.’

ಅವರು ನಮ್ಮ ಚರ್ಚಿಗೆ ಬಂದಿಲ್ಲ. ಏಕೆಂದರೆ ಆ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಆದಿಕಾಂಡದಿಂದ ಪ್ರಕಟನೆಯವರೆಗೆ ಹುಡುಕಿದರೂ ಸಿಗುವುದಿಲ್ಲ. ಲ್ಯಾಟಿನ್ನಿನಲ್ಲಿ ಆ ಪದವನ್ನು ಚಲಾವಣೆಗೆ ತಂದವನು ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲ್ಲಿಯನ್, ಕ್ರಿ.ಶ. 200ರ ಆಸುಪಾಸಿನಲ್ಲಿ. ಅವನಿಗಿಂತ ಸ್ವಲ್ಪ ಮುಂಚೆ ಅಂತಿಯೋಕ್ಯದ ಥಿಯೊಫಿಲಸ್ ಗ್ರೀಕಿನಲ್ಲಿ ‘ತ್ರಯ’ ಎಂಬರ್ಥದ ಮಾತು ಬರೆದಿದ್ದ. ಹೆಸರಿಲ್ಲ, ವಿಷಯ ಮಾತ್ರ ಇದೆ ಎನ್ನುತ್ತೇವೆ ನಾವು. ನಮ್ಮೂರಿನದು ಇದಕ್ಕೆ ತದ್ವಿರುದ್ಧ ಪರಿಸ್ಥಿತಿ. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬನ ನೆನಪಿಗೆ ಬೌರಿಂಗ್‌ಪೇಟೆಯಾಗಿದ್ದದ್ದು ಆಮೇಲೆ ಬಂಗಾರಪೇಟೆಯಾಯಿತು; ಹೆಸರಿನಲ್ಲಿ ಬಂಗಾರವಿದೆ, ನೆಲದಲ್ಲಿ ಇಲ್ಲ. ಅಗೆದದ್ದೆಲ್ಲ ಆ ಕಡೆ, ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸಿನಲ್ಲಿ.

ಆಟೋದವರ ವಾದದಲ್ಲಿ ಹುರುಳಿಲ್ಲ ಎನ್ನುವಂತೆಯೂ ಇಲ್ಲ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಶಿಷ್ಯರಿಗೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿ ಎಂದು ಹೇಳುತ್ತಾನೆ. ಮೂವರನ್ನು ಎಣಿಸಿ, ಒಂದೇ ಹೆಸರು ಅನ್ನುತ್ತಾನೆ. ಆದರೆ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಪೇತ್ರ ಜನರಿಗೆ ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ ಎನ್ನುತ್ತಾನೆ. ಎರಡೂ ಅದೇ ಪುಸ್ತಕದಲ್ಲಿವೆ, ಇಂಡಿಯಾ ಪೇಪರಿನಲ್ಲಿ, ನಡುವೆ ನೂರಿನ್ನೂರು ಪುಟದ ಅಂತರದಲ್ಲಿ. ಆಟೋದವರಿಗೆ ಎಳವೆಯಲ್ಲಿ ನೆತ್ತಿಗೆ ನೀರು ಹಾಕಿ ಒಮ್ಮೆ ಆಗಿತ್ತು. ಈಗ ಒಂದೇ ಹೆಸರಿನಲ್ಲಿ, ಪೂರ್ತಿ ಮುಳುಗಿಸಿ, ಮತ್ತೊಮ್ಮೆ ಆಯಿತು. ಕೋಲಾರ ಜಿಲ್ಲೆಯಲ್ಲಿ ಮುಳುಗುವಷ್ಟು ನೀರು ಸಿಗುವುದೇ ಒಂದು ಅದ್ಭುತ ಕಾರ್ಯ. ಕೆರೆ ಬತ್ತಿದ್ದರಿಂದ ಸಿಮೆಂಟಿನ ತೊಟ್ಟಿಗೆ ಟ್ಯಾಂಕರ್ ತರಿಸಿ ಮಾಡಿಸಿದರಂತೆ. ನೀರಿನ ಖರ್ಚು ನೋಡಿದರೆ ನಮ್ಮ ಮೆಥಡಿಸ್ಟ್ ಪದ್ಧತಿಯೇ ಈ ಜಿಲ್ಲೆಗೆ ಸರಿ ಎಂದು ನನ್ನ ಅಭಿಪ್ರಾಯ. ಇದರಲ್ಲಿ ದೈವಶಾಸ್ತ್ರವೇನೂ ಇಲ್ಲ.

ಸಂಜೆ ಗಾಡಿಯಲ್ಲಿ ಈ ಚರ್ಚೆ ಶುರುವಾದರೆ ಟೇಕಲ್ ದಾಟುವ ಹೊತ್ತಿಗೆ ಇಸ್ಪೀಟು ಆಡುವವರೂ ಎಲೆ ಕೆಳಗಿಟ್ಟು ಬಾಯಿ ಹಾಕುತ್ತಾರೆ. ನಮ್ಮವರೇನೋ ಹೊಸದಾಗಿ ಕಂಡುಹಿಡಿದ ಚಾಳಿಯಲ್ಲ ಇದು. ನಾಲ್ಕನೆಯ ಶತಮಾನದ ಕೊನೆಯಲ್ಲಿ ನಿಸ್ಸದ ಗ್ರೆಗೊರಿ ಎಂಬ ಬಿಷಪ್ಪರು ಕಾನ್‌ಸ್ಟಾಂಟಿನೋಪಲಿನ ಬೀದಿಗಳ ಬಗ್ಗೆ ಗೋಳು ತೋಡಿಕೊಂಡಿದ್ದಾರೆ. ಚಿಲ್ಲರೆ ಕೇಳಿದರೆ ಅಂಗಡಿಯವನು ಹುಟ್ಟಿದವನು ಯಾರು, ಹುಟ್ಟದವನು ಯಾರು ಎಂದು ಉಪದೇಶ ಮಾಡುತ್ತಾನೆ. ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಎಂಬ ಉತ್ತರ. ಸ್ನಾನಕ್ಕೆ ನೀರು ಕಾದಿದೆಯೇ ಎಂದರೆ, ಮಗನನ್ನು ಶೂನ್ಯದಿಂದ ಸೃಷ್ಟಿಸಲಾಯಿತು ಎಂಬ ಸಮಾಚಾರ. ಆ ಬಿಷಪ್ಪರಿಗೆ ಮಾರಿಕುಪ್ಪಂ ಗಾಡಿಯ ಒಂದು ತಿಂಗಳ ಪಾಸ್ ಮಾಡಿಸಿಕೊಡಬೇಕಿತ್ತು.

ಜಗಳದ ಮೂಲ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್. ಅವನ ವಾದ ಇಷ್ಟೆ: ಮಗ ಎಂದ ಮೇಲೆ ಅಪ್ಪನಿಗಿಂತ ಆಮೇಲೆ ಬಂದಿರಬೇಕು, ಅಂದರೆ ಮಗ ಇಲ್ಲದಿದ್ದ ಒಂದು ಹೊತ್ತು ಇದ್ದಿರಲೇಬೇಕು. ಸಾಕಷ್ಟು ನ್ಯಾಯವಾದ ಮಾತು. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನೂ ತಂದೆಯೂ ಒಂದೇ ಎನ್ನುವುದು ಹತ್ತನೆಯ ಅಧ್ಯಾಯದಲ್ಲಿ. ತಂದೆ ನನಗಿಂತ ದೊಡ್ಡವನು ಎನ್ನುವುದು ಹದಿನಾಲ್ಕನೆಯದರಲ್ಲಿ. ಆರಿಯಸ್ ಎರಡನೆಯದನ್ನು ಹಿಡಿದು ಕೂತ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಾಂಟೈನ್ ನೈಸಿಯಾ ಎಂಬ ಊರಿನಲ್ಲಿ ಬಿಷಪ್ಪರನ್ನೆಲ್ಲ ಸೇರಿಸಿ ಪಂಚಾಯ್ತಿ ಮಾಡಿಸಿದ. ಮಗ ತಂದೆಯೊಡನೆ ಒಂದೇ ತತ್ತ್ವದವನು ಎಂದು ತೀರ್ಮಾನವಾಯಿತು. ಆ ಸಭೆಯಲ್ಲಿ ಸಂತ ನಿಕೊಲಾಸ್ ಎದ್ದು ಬಂದು ಆರಿಯಸ್ಸನ ಕೆನ್ನೆಗೆ ಬಾರಿಸಿದನೆಂದು ಕಟ್ಟುಕತೆಯೊಂದಿದೆ. ಇದೇ ನಿಕೊಲಾಸ್ ಮುಂದೆ ಕ್ರಿಸ್ಮಸ್ ತಾತನಾದದ್ದು. ಮಕ್ಕಳಿಗೆ ಇದನ್ನು ಹೇಳಬಾರದು.

ಆರಿಯಸ್ಸನ ವಾದವನ್ನು ಒಂದು ಭಾನುವಾರ ಮಾವನ ಮನೆಯಲ್ಲಿ ಊಟದ ಹೊತ್ತಿಗೆ ಬಿಡಿಸಿ ಹೇಳಿದೆ. ಮಾವ ಯೋಚನೆಗೆ ಬಿದ್ದರು. ಅತ್ತೆ ರಸಂ ಬಡಿಸುತ್ತಿದ್ದವರು ಸೌಟು ನಿಲ್ಲಿಸಲೂ ಇಲ್ಲ. ‘ಮಗು ಹುಟ್ಟೋವರೆಗೂ ಇವರನ್ನ ಅಪ್ಪ ಅಂತ ಯಾರು ಕರೆದ್ರು? ದೇವರು ಯಾವಾಗ್ಲೂ ಅಪ್ಪ ಅಂತೀರಿ. ಹಾಗಾದ್ರೆ ಮಗನೂ ಯಾವಾಗ್ಲೂ ಇರಬೇಕಲ್ಲ?’ ಎಂದರು. ಅಲೆಕ್ಸಾಂಡ್ರಿಯದ ಅಥನಾಸಿಯಸ್ ಆರಿಯಸ್ಸನ ವಿರುದ್ಧ ಜೀವಮಾನವಿಡೀ ಬರೆದ, ಐದು ಸಲ ಗಡೀಪಾರಾದ. ಅವನ ಮುಖ್ಯ ವಾದಗಳಲ್ಲಿ ಇದೂ ಒಂದು. ತಂದೆ ಎಂದೆಂದಿಗೂ ತಂದೆಯಾಗಿದ್ದರೆ ಮಗ ಎಂದೆಂದಿಗೂ ಇರಲೇಬೇಕು. ಅತ್ತೆ ಅಥನಾಸಿಯಸ್ಸನ ಹೆಸರು ಕೇಳಿದವರಲ್ಲ. ಹಪ್ಪಳ ಬೇಕೇ ಎಂದು ಕೇಳಿ ಒಳಗೆ ಹೋದರು.

ಆಟೋದವರು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಮಾವನದು. ‘ಕೋಲಾರದ ಗಣಿಯಲ್ಲಿ ಯಾರಾದ್ರೂ ಚಿನ್ನದ ಬಳೆ ಅಗೆದು ತೆಗೆದದ್ದು ಕೇಳಿದ್ದೀರಾ?’ ಎಂದು ಶುರುಮಾಡಿದರು. ಇಲ್ಲಿ ಸಿಗುತ್ತಿದ್ದದ್ದು ಕಲ್ಲು. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ನಾಲ್ಕೈದು ಗ್ರಾಂ ಚಿನ್ನ. ಕಣ್ಣಿಗೆ ಏನೇನೂ ಕಾಣುವುದಿಲ್ಲ. ಅದನ್ನು ಅರೆದು, ಸೀಸದ ಭಸ್ಮ, ಬೊರಾಕ್ಸ್ ಸೇರಿಸಿ ಮೂಸೆಯಲ್ಲಿ ಕಾಯಿಸಿದರೆ ತಳದಲ್ಲಿ ಸೀಸದ ಗುಂಡಿಯೊಂದು ನಿಲ್ಲುತ್ತದೆ. ಆ ಗುಂಡಿಯನ್ನು ಎಲುಬಿನ ಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಬೇಕು. ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು ಕೊನೆಗೆ ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ಬೆಳ್ಳಿಯನ್ನು ಆ್ಯಸಿಡ್ಡಿನಲ್ಲಿ ಕಳೆದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ, ಉಸಿರು ಬಿಗಿಹಿಡಿದು ತೂಗಬೇಕು. ‘ನೂರಿಪ್ಪತ್ತು ವರ್ಷದಲ್ಲಿ ಎಂಟುನೂರು ಟನ್ ಚಿನ್ನ ಬಂದದ್ದು ಹೀಗೇ, ಕಲ್ಲಿನಿಂದ. ನಿಮ್ಮ ಆಟೋದವರು ಬಳೆ ಎಲ್ಲಿ ಬಳೆ ಎಲ್ಲಿ ಅಂತ ಹುಡುಕ್ತಿದ್ದಾರೆ.’ ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು: ‘ಸೀಸ, ಬೊರಾಕ್ಸ್ ಮಾತ್ರ ಹೊರಗಿನದೇ. ಅದನ್ನ ಹಾಕಿದವರು ಗ್ರೀಕರು.’

ಹಾಗಾದರೆ ಆ ಕಲ್ಲು ಯಾವುದು?

ನನಗೆ ಇಷ್ಟವಾದ ತುಂಡು ಆದಿಕಾಂಡದ ಹದಿನೆಂಟನೆಯ ಅಧ್ಯಾಯ. ಮಮ್ರೆಯ ಮರಗಳ ಕೆಳಗೆ, ಉರಿಬಿಸಿಲಿನಲ್ಲಿ, ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ದೇವರು ಅವನಿಗೆ ಕಾಣಿಸಿಕೊಂಡನು ಎಂದು ಕತೆ ಶುರುವಾಗುತ್ತದೆ. ಅಬ್ರಹಾಮ ಕಣ್ಣೆತ್ತಿ ನೋಡಿದರೆ ನಿಂತಿರುವುದು ಮೂರು ಜನ. ಅವನು ಓಡಿಹೋಗಿ ಅಡ್ಡಬೀಳುತ್ತಾನೆ, ಕಾಲಿಗೆ ನೀರು ಕೊಡುತ್ತಾನೆ. ಮಾತಾಡಿಸುವಾಗ ಒಮ್ಮೆ ಒಬ್ಬನೇ ಎಂಬಂತೆ, ಒಮ್ಮೆ ಹಲವರೆಂಬಂತೆ. ಒಳಗೆ ಹೋಗಿ ಸಾರಳಿಗೆ ಮೂರಳತೆ ಹಿಟ್ಟು ಕಲಸಿ ರೊಟ್ಟಿ ಮಾಡು ಎನ್ನುತ್ತಾನೆ. ಎಳೆಯ ಕರುವೊಂದನ್ನು ಹಿಡಿದು ಆಳಿನ ಕೈಗೆ ಕೊಡುತ್ತಾನೆ. ಮೊಸರು ಹಾಲು ತಂದಿಡುತ್ತಾನೆ. ಅವರು ಉಣ್ಣುವಾಗ ಮರದ ಕೆಳಗೆ ನಿಂತೇ ಇರುತ್ತಾನೆ. ಮುಂದಿನ ವರ್ಷ ಸಾರಳಿಗೆ ಗಂಡುಮಗು ಎಂದು ಬಂದವರು ಹೇಳಿದಾಗ, ತೊಂಬತ್ತರ ಆ ಮುದುಕಿ ಪರದೆಯ ಹಿಂದೆ ನಗುತ್ತಾಳೆ. ಯಾಕೆ ನಕ್ಕಳು ಎಂದರೆ, ನಗಲಿಲ್ಲ ಎನ್ನುತ್ತಾಳೆ. ಇಲ್ಲ, ನಕ್ಕೆ, ಎನ್ನುತ್ತಾನೆ ದೇವರು. ಸೃಷ್ಟಿಕರ್ತನೂ ಅಜ್ಜಿಯೂ ನಕ್ಕೆಯಾ ಇಲ್ಲವಾ ಎಂದು ವಾದ ಮಾಡುವುದು ನನಗೆ ಬೇರೆ ಯಾವ ಶಾಸ್ತ್ರದಲ್ಲೂ ಓದಿದ ನೆನಪಿಲ್ಲ.

ಬಂದವರು ಮೂವರೂ ದೇವದೂತರು ಎಂದು ಯೆಹೂದ್ಯ ಪಂಡಿತರು ಹೇಳುತ್ತಾರೆ. ಒಬ್ಬ ದೇವರು, ಇಬ್ಬರು ದೂತರು ಎಂದು ಓದಲೂ ಜಾಗವಿದೆ. ಮುಂದಿನ ಅಧ್ಯಾಯದಲ್ಲಿ ಸೊದೋಮಿಗೆ ಹೋಗುವವರು ಇಬ್ಬರೇ. ಕ್ರೈಸ್ತರು ಬಹುಕಾಲದಿಂದ ಅಲ್ಲಿ ತ್ರಿತ್ವದ ನೆರಳು ಕಂಡಿದ್ದಾರೆ. ಹದಿನೈದನೆಯ ಶತಮಾನದ ಆರಂಭದಲ್ಲಿ ರಷ್ಯದ ಆಂದ್ರೇ ರುಬ್ಲ್ಯೋವ್ ಇದನ್ನೇ ಚಿತ್ರ ಬರೆದ: ಮೇಜಿನ ಸುತ್ತ ಮೂವರು ದೂತರು, ಒಬ್ಬರ ಕಡೆಗೊಬ್ಬರು ತಲೆಬಾಗಿಸಿಕೊಂಡು. ನೋಡುವವನು ಕೂತುಕೊಳ್ಳಲಿ ಎಂಬಂತೆ ಈ ಕಡೆ ಜಾಗ ಖಾಲಿ. ಫೋನಿನಲ್ಲಿ ಅತ್ತೆಗೆ ತೋರಿಸಿದೆ. ‘ಅಡಿಗೆ ಮಾಡಿದವಳು ಎಲ್ಲಿ?’ ಎಂದರು. ರುಬ್ಲ್ಯೋವ್ ಅಬ್ರಹಾಮನನ್ನೂ ಸಾರಳನ್ನೂ ಬಿಟ್ಟೇ ಬರೆದಿದ್ದಾನೆ. ಹೇಳದೆ ಕೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಮೂವರು ಬಂದರೆ ಅದು ಯಾರ ಪರೀಕ್ಷೆ ಎಂದು ಅತ್ತೆಗೆ ಚೆನ್ನಾಗಿ ಗೊತ್ತು.

ಯೊರ್ದನ್ ಹೊಳೆಯ ದೃಶ್ಯವಂತೂ ಎಲ್ಲರಿಗೂ ಗೊತ್ತಿರುವುದೇ. ಮಗ ನೀರಿನಿಂದ ಮೇಲೆ ಬರುತ್ತಿದ್ದಾನೆ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತಿದೆ, ಆಕಾಶದಿಂದ ತಂದೆಯ ದನಿ. ಒಬ್ಬನೇ ಮೂರು ವೇಷ ಹಾಕುತ್ತಾನೆ ಎನ್ನುವವರಿಗೆ ಇಲ್ಲಿ ತುಸು ಕಷ್ಟ. ಮೂವರೂ ಒಂದೇ ಸಲ ರಂಗದ ಮೇಲಿದ್ದಾರೆ. ಮೂವರು ದೇವರುಗಳು ಎನ್ನುವವರಿಗೆ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ತಡೆ. ದೇವರು ಒಬ್ಬನೇ ಎಂದು ಇಸ್ರಾಯೇಲರಿಗೆ ಗಟ್ಟಿಯಾಗಿ ಕೇಳಿಸಿದ ಮಾತು ಅಲ್ಲಿದೆ, ಯೇಸು ತಾನೇ ಅದನ್ನು ಬಾಯಿಬಿಟ್ಟು ಒಪ್ಪಿದವನು. ಸಿದ್ಧಾಂತವಾಗಿ ಒಂದು ಕಡೆ ಬರೆದಿಟ್ಟಿದ್ದರೆ ಇಷ್ಟು ಶತಮಾನದ ತಾಪತ್ರಯ ತಪ್ಪುತ್ತಿತ್ತು.

ಒಂದು ಕಡೆ ಬರೆದಿಟ್ಟಿತ್ತು ಕೂಡ. ಯೋಹಾನನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಸಾಕ್ಷಿ ಹೇಳುವವರು ಮೂವರು, ಆತ್ಮ, ನೀರು, ರಕ್ತ ಎಂದಿದೆ. ಲ್ಯಾಟಿನ್ ಪ್ರತಿಗಳಲ್ಲಿ ಇದರ ಮಗ್ಗುಲಲ್ಲೇ ಇನ್ನೊಂದು ಸಾಲು ಸೇರಿಕೊಂಡಿತ್ತು: ಪರಲೋಕದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರು ಸಾಕ್ಷಿಗಳು, ಮೂವರೂ ಒಂದೇ ಎಂದು. ಆಟೋದವರ ಬಾಯಿ ಮುಚ್ಚಿಸಲು ಇದಕ್ಕಿಂತ ಬೇಕೆ? ಆದರೆ 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಹಳೆಯ ಗ್ರೀಕ್ ಪ್ರತಿಗಳಲ್ಲಿ ಆ ಸಾಲು ಸಿಗದೆ ಬಿಟ್ಟುಬಿಟ್ಟ. ಗಲಾಟೆಯಾಯಿತು. ಆ ಸಾಲಿರುವ ಗ್ರೀಕ್ ಪ್ರತಿಯೊಂದು, ಶಾಯಿ ಇನ್ನೂ ಆರಿರದಂಥದ್ದು, ಎಲ್ಲಿಂದಲೋ ಹೊರಬಂತು. 1522ರ ಮೂರನೆಯ ಮುದ್ರಣದಲ್ಲಿ ಎರಾಸ್ಮಸ್ ಸೇರಿಸಿಕೊಟ್ಟ. 1611ರ ಇಂಗ್ಲಿಷ್ ಬೈಬಲಿಗೂ ಅದು ಬಂತು. ಈಗಿನ ಭಾಷಾಂತರಗಳು ಹೆಚ್ಚಾಗಿ ಅದನ್ನು ಬಿಟ್ಟಿವೆ, ಇಲ್ಲವೇ ಅಡಿಟಿಪ್ಪಣಿಗೆ ಇಳಿಸಿವೆ.

ಈ ಕತೆ ಹೇಳಿ ಮುಗಿಸುವ ಮುಂಚೆಯೇ ಮಾವ ತೊಡೆ ತಟ್ಟಿದರು. ‘ಸಾಲ್ಟಿಂಗ್!’ ಗಣಿ ಮಾರುವವರು ಬಂಜರು ಕಲ್ಲಿನ ಸ್ಯಾಂಪಲ್ಲಿಗೆ ಗುಟ್ಟಾಗಿ ಚಿನ್ನದ ಪುಡಿ ಉದುರಿಸಿ ಕೊಳ್ಳುವವರ ತಲೆ ಕೆಡಿಸುತ್ತಿದ್ದ ಹಳೆಯ ಮೋಸ ಅದು. ಹಾಗೆಂದು ಅವರ ನಂಬಿಕೆ ಅಲುಗಲಿಲ್ಲ, ಉತ್ಸಾಹ ಹೆಚ್ಚಿತು. ಒಂದು ಚೀಲಕ್ಕೆ ಯಾರೋ ಉಪ್ಪು ಹಾಕಿದರು ಎಂದ ಮಾತ್ರಕ್ಕೆ ಗಣಿಯಲ್ಲಿ ಚಿನ್ನವಿಲ್ಲ ಎಂದಾಗುತ್ತದೆಯೇ? ಆ ಚೀಲ ಬಿಸಾಕಿ, ಉಳಿದದ್ದನ್ನು ಕಾಯಿಸಿ ನೋಡಬೇಕು ಎಂದರು. ನೈಸಿಯಾದಲ್ಲಿ ಆ ಸಾಲನ್ನು ಯಾರೂ ಎತ್ತಲಿಲ್ಲ ಎಂಬುದು ಮಾವನ ಪರವಾದ ಸಾಕ್ಷಿ. ಅದಿಲ್ಲದೆಯೇ ಬಿಷಪ್ಪರು ಆ ತೀರ್ಮಾನಕ್ಕೆ ಬಂದಿದ್ದರು.

ಆ ಸಾಲು ಕಳ್ಳಮಾಲು ಎಂದು ಪಟ್ಟಾಗಿ ಬರೆದವರಲ್ಲಿ ಐಸಾಕ್ ನ್ಯೂಟನ್ ಒಬ್ಬ. 1690ರಲ್ಲಿ ಜಾನ್ ಲಾಕನಿಗೆ ಗುಟ್ಟಾಗಿ ಬರೆದು ಕಳಿಸಿದ್ದು, ನ್ಯೂಟನ್ ಸತ್ತ ಎಷ್ಟೋ ವರ್ಷದ ಮೇಲೆ, 1754ರಲ್ಲಿ ಅಚ್ಚಾಯಿತು. ನ್ಯೂಟನ್ನನಿಗೆ ತ್ರಿತ್ವದಲ್ಲೇ ನಂಬಿಕೆಯಿರಲಿಲ್ಲ. ಓದಿದ್ದು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ, ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದ. 1696ರಲ್ಲಿ ಲಂಡನ್ನಿನ ಟಂಕಸಾಲೆಗೆ ಅಧಿಕಾರಿಯಾಗಿ ಹೋಗಿ ಚಿನ್ನದ ಶುದ್ಧಿ ನೋಡುವ ಕೆಲಸಕ್ಕೇ ನಿಂತ. ಗುರುತ್ವಾಕರ್ಷಣೆಯ ನ್ಯೂಟನ್ನನ ಬಗ್ಗೆ ಮಾವನಿಗೆ ಅಷ್ಟಕ್ಕಷ್ಟೆ. ಅಸ್ಸೇ ನೋಡುತ್ತಿದ್ದ ನ್ಯೂಟನ್ ಅಂದಕೂಡಲೆ ಕುರ್ಚಿ ಹತ್ತಿರ ಎಳೆದುಕೊಂಡರು. ‘ನಂಬಿಕೆ ಇಲ್ಲದಿದ್ರೆ ಇಲ್ಲ, ಕೈ ಶುದ್ಧ ಇತ್ತಲ್ಲ’ ಎಂಬುದು ಅವರ ತೀರ್ಪು.

ಇನ್ನು ಉಪಮಾನಗಳ ವಿಷಯ. ಇದು ಬಹಳ ಜಾರುವ ಜಾಗ. ನಮ್ಮ ಸಂಡೇ ಸ್ಕೂಲಿನಲ್ಲಿ ಟೀಚರಮ್ಮ ನೀರು, ಮಂಜುಗಡ್ಡೆ, ಹಬೆ ಎಂದು ಹೇಳಿಕೊಟ್ಟಿದ್ದರು. ಒಂದೇ ವಸ್ತು, ಮೂರು ರೂಪ. ಮಕ್ಕಳಿಗೆ ಬಹಳ ಹಿಡಿಸಿತು. ಮೂರನೆಯ ಶತಮಾನದಲ್ಲಿ ಸಬೆಲ್ಲಿಯಸ್ ಎಂಬವನಿಗೂ ಹೆಚ್ಚುಕಡಿಮೆ ಇದೇ ಹಿಡಿಸಿ, ಸಭೆಯಿಂದ ಹೊರಹಾಕಿಸಿಕೊಂಡ. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಮೂರೆಲೆಯ ಹುಲ್ಲು ತೋರಿಸಿದನೆಂದು ಕತೆ. ನಮ್ಮಲ್ಲಿ ಬಿಲ್ವಪತ್ರೆ ತೋರಿಸಿದವರೂ ಇದ್ದಾರೆ. ಆದರೆ ಒಂದೊಂದು ಎಲೆ ಮೂರನೆಯ ಒಂದು ಭಾಗ ಮಾತ್ರ. ಇಲ್ಲಿ ಒಬ್ಬೊಬ್ಬನೂ ಪೂರ್ತಿ ದೇವರು ಎನ್ನಬೇಕು. ಯಾವ ಉಪಮಾನ ಹಿಡಿದರೂ ಅದರ ಹೆಸರಿನ ಒಂದು ಪಾಷಂಡ ಮತ ಚರಿತ್ರೆಯಲ್ಲಿ ಮೊದಲೇ ಕಾದು ಕೂತಿರುತ್ತದೆ.

ಅಕ್ಕಪಕ್ಕದ ಹಿಂದೂ ಮನೆಗಳವರಿಗೆ ಇದೆಲ್ಲ ಸಮಸ್ಯೆಯೇ ಅಲ್ಲ. ‘ತ್ರ್ಯಂಬಕನೂ ಗೊತ್ತು, ದತ್ತಾತ್ರೇಯನೂ ಗೊತ್ತು, ಅದರಲ್ಲೇನಿದೆ?’ ಎನ್ನುತ್ತಾರೆ. ಮುಳಬಾಗಿಲು ಹತ್ತಿರ ಕುರುಡುಮಲೆಯಲ್ಲಿ ತ್ರಿಮೂರ್ತಿಗಳು ಮೂವರೂ ಕೂಡಿ ಬಂದು ಗಣಪತಿಯನ್ನು ಪ್ರತಿಷ್ಠೆ ಮಾಡಿದರೆಂದು ಐತಿಹ್ಯವಿದೆ. ಆದರೆ ಬ್ರಹ್ಮ ಸೃಷ್ಟಿಗೆ, ವಿಷ್ಣು ಪಾಲನೆಗೆ, ಶಿವ ಲಯಕ್ಕೆ ಎಂಬ ಖಾತೆ ಹಂಚಿಕೆ ಇಲ್ಲಿ ಹೊಂದುವುದಿಲ್ಲ. ಬೈಬಲಿನಲ್ಲಿ ಸೃಷ್ಟಿಯ ಕೆಲಸಕ್ಕೇ ಮೂವರೂ ಇದ್ದಾರೆ, ಆತ್ಮ ನೀರಿನ ಮೇಲೆ, ವಾಕ್ಯ ತಂದೆಯ ಬಾಯಲ್ಲಿ. ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದಾಗ ಗಾಡಿಯಲ್ಲಿ ಒಬ್ಬರು ಹಿರಿಯರು ಸಮಾಧಾನ ಹೇಳಿದರು: ‘ಮೂರಕ್ಕೇ ಇಷ್ಟು ಒದ್ದಾಡ್ತೀರಲ್ಲ ಸಾರ್. ನಮ್ಮ ಕಮ್ಮಸಂದ್ರಕ್ಕೆ ಬಂದು ನೋಡಿ, ಕೋಟಿ ಲಿಂಗ. ಎಲ್ಲಾ ಒಬ್ಬನೇ.’ 1980ರಲ್ಲಿ ಒಂದು ಲಿಂಗದಿಂದ ಶುರುವಾದ ಆ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ ಈಗ ದೂರದಿಂದಲೇ ಕಾಣುತ್ತದೆ. ನನ್ನ ಬಳಿ ಅವರಿಗೆ ಕೊಡುವ ಉತ್ತರ ಇರಲಿಲ್ಲ, ಸ್ಟೇಷನ್ನೂ ಬಂತು.

ಉತ್ತರ ಕೊಡಲು ಹೋದವರ ಪಾಡು ಏನಾಯಿತೆಂದು ಬಂಗಾಳದ ಚರಿತ್ರೆ ಹೇಳುತ್ತದೆ. 1820ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪುಸ್ತಕ ಮಾಡಿದರು, ಪವಾಡವಿಲ್ಲ, ತ್ರಿತ್ವವಿಲ್ಲ. ಸೆರಾಂಪುರದ ಮಿಷನರಿಗಳು ಕೆಂಡವಾದರು. ಅವರ ಪೈಕಿ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ರಾಯರ ಜೊತೆ ಸುವಾರ್ತೆಗಳನ್ನು ಬಂಗಾಳಿಗೆ ತರುವ ಕೆಲಸಕ್ಕೆ ಕೂತರು. ಕೂತು ಏಳುವಷ್ಟರಲ್ಲಿ, 1821ರಲ್ಲಿ, ಪಾದ್ರಿಯೇ ರಾಯರ ಕಡೆಗೆ ವಾಲಿ ತ್ರಿತ್ವವನ್ನು ಕೈಬಿಟ್ಟರು. ಆಡಂ ಎರಡನೇ ಸಲ ಬಿದ್ದ ಎಂದು ಕಲ್ಕತ್ತೆಯವರು ನಕ್ಕರು. ಅದೇ ಶತಮಾನದ ಕೊನೆಯಲ್ಲಿ, 1898ರಲ್ಲಿ, ಆಗಲೇ ಕ್ಯಾಥೊಲಿಕ್ಕರಾಗಿದ್ದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿತ್ವವನ್ನು ಸಚ್ಚಿದಾನಂದ ಎಂದು ಸಂಸ್ಕೃತದಲ್ಲಿ ಸ್ತುತಿಸಿ ಕೀರ್ತನೆ ಕಟ್ಟಿದರು. ಒಬ್ಬರು ಕಳೆದದ್ದನ್ನು ಇನ್ನೊಬ್ಬರು ಕೂಡಿದರು. ಲೆಕ್ಕ ಬಂಗಾಳದಲ್ಲಿ ಸರಿಹೋಯಿತು.

ನಮ್ಮಲ್ಲಿ ಲೆಕ್ಕ ಸರಿಮಾಡುವ ಹೊಣೆ ತ್ರಿಯೇಕ ಭಾನುವಾರದ ಪ್ರಸಂಗಿಯ ಮೇಲೆ ಬೀಳುತ್ತದೆ. ಪೆಂಟೆಕೋಸ್ಟ್ ಹಬ್ಬದ ಮುಂದಿನ ಭಾನುವಾರ ಅದು. ಮೇ ಕೊನೆ, ಇಲ್ಲವೇ ಜೂನ್. ವರ್ಷದ ಉಳಿದೆಲ್ಲ ಹಬ್ಬಗಳಿಗೂ ಒಂದು ಕತೆಯಿದೆ: ಕೊಟ್ಟಿಗೆ, ಶಿಲುಬೆ, ಖಾಲಿ ಸಮಾಧಿ. ಈ ಒಂದು ಭಾನುವಾರಕ್ಕೆ ಮಾತ್ರ ಕತೆಯಿಲ್ಲ, ಸಿದ್ಧಾಂತವಿದೆ. ಹಿರಿಯ ಅಯ್ಯನವರುಗಳಿಗೆ ಸರಿಯಾಗಿ ಆ ವಾರವೇ ದೂರದ ಊರಿನಲ್ಲಿ ಮದುವೆ ಬೀಳುತ್ತದೆಂದು ಕುಚೋದ್ಯದವರ ಮಾತು. ಆಗ ಪುಲ್ಪಿಟ್ಟಿಗೆ ಬರುವವನು ಕಿರಿಯ. ಬಂಗಾರಪೇಟೆಯಲ್ಲಿ 1937ರಿಂದ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ ಇದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಕಿರಿಯರಿಗೆ ಬರವಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ, ಹಣೆಯಲ್ಲಿ ಬೆವರು. ಒಮ್ಮೆ ಬಂದಿದ್ದ ಹುಡುಗನೊಬ್ಬ ನೀರು-ಮಂಜುಗಡ್ಡೆ ಎಂದು ಶುರುಮಾಡಿ, ಅರ್ಧದಲ್ಲಿ ಮೇಷ್ಟ್ರ ಪಾಠ ನೆನಪಾಗಿರಬೇಕು, ‘ಆದರೆ ಇದು ಸರಿಯಲ್ಲ’ ಎಂದ. ಸೂರ್ಯ, ಬೆಳಕು, ಶಾಖ ಎಂದ. ‘ಇದೂ ಪೂರ್ತಿ ಸರಿಯಲ್ಲ’ ಎಂದ. ಮೂರನೆಯದಕ್ಕೆ ಕೈಹಾಕಲಿಲ್ಲ. ಕಾಗದ ಮಡಿಸಿ ಜೇಬಿಗಿಟ್ಟು, ಪೌಲನ ಆಶೀರ್ವಾದವನ್ನು ಓದಿ ಇಳಿದುಬಿಟ್ಟ. ಇಡೀ ಸಭೆಗೆ ಪರಮಾನಂದ. ನನ್ನ ಪ್ರಕಾರ ಅಷ್ಟು ಒಳ್ಳೆಯ ಪ್ರಸಂಗ ಆ ವಿಷಯದ ಮೇಲೆ ನಾನು ಕೇಳಿಲ್ಲ.

ಏಕೆಂದರೆ ಬೈಬಲು ಮಾಡಿರುವುದೂ ಅದನ್ನೇ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪೌಲ ಉದ್ದಕ್ಕೂ ಬೈದಿದ್ದಾನೆ, ಅತ್ತಿದ್ದಾನೆ, ತನ್ನ ಬಗ್ಗೆ ತಾನೇ ಜಂಬ ಕೊಚ್ಚಿಕೊಂಡಿದ್ದಾನೆ. ಜಗಳಗಂಟ ಸಭೆ ಅದು. ಇವರಿಗೆ ಇನ್ನೇನು ಹೇಳುವುದು ಎಂಬ ಕೊನೆಯ ಸಾಲಿಗೆ ಬಂದಾಗ ಅವನ ಲೇಖನಿಯಿಂದ ಇಳಿದದ್ದು ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ. ನೈಸಿಯಾಕ್ಕೆ ಇನ್ನೂ ಇನ್ನೂರೈವತ್ತು ವರ್ಷಕ್ಕಿಂತ ಹೆಚ್ಚು ಬಾಕಿಯಿತ್ತು. ಯಾರೂ ಅವನನ್ನು ಮೂವರು ಹೇಗೆ ಒಬ್ಬರು ಎಂದು ಕೇಳಿರಲಿಲ್ಲ, ಅವನೂ ವಿವರಿಸಲಿಲ್ಲ. ಊರಿಗೆ ಹೊರಟವರ ಕೈಗೆ ಬುತ್ತಿ ಕೊಟ್ಟಂತೆ ಕೊಟ್ಟು ಕಳಿಸಿದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ವಾರ ಚಾಂಪಿಯನ್ ರೀಫ್ಸಿನಲ್ಲಿ ತಮಿಳಿನಲ್ಲೂ, ನಮ್ಮ ಬಂಗಾರಪೇಟೆಯಲ್ಲಿ ಕನ್ನಡದಲ್ಲೂ ಆರಾಧನೆ ಮುಗಿದದ್ದು ಆ ಮೂವರ ಹೆಸರಿನಲ್ಲೇ. ಮಾವ ಎಂದಿನಂತೆ ಹಣೆಯಿಂದ ಶುರುಮಾಡಿದರು.

ಆದ್ದರಿಂದ ನನ್ನದೊಂದು ವಿನಂತಿ. ತ್ರಿಯೇಕ ಭಾನುವಾರ ನೀವು ನಮ್ಮ ಕಡೆಯ ಯಾವುದಾದರೂ ಚರ್ಚಿಗೆ ಬಂದರೆ, ಆಶೀರ್ವಾದಕ್ಕೆ ಮುಂಚೆ ಎದ್ದು ಹೋಗಬೇಡಿ. ಮುಖ್ಯವಾದದ್ದು ಕೊನೆಯಲ್ಲೇ ಇರುತ್ತದೆ. ಹೊರಗೆ ಬಂದ ಮೇಲೆ ಆ ಹುಡುಗ ಪ್ರಸಂಗಿ ಸಿಕ್ಕರೆ ಪ್ರಶ್ನೆ ಕೇಳಬೇಡಿ. ಆಟೋದವರಿಗೂ ಹೇಳಿಟ್ಟಿದ್ದೇನೆ. ಸ್ಟೇಷನ್ ರಸ್ತೆಗೆ ಕರೆದುಕೊಂಡು ಹೋಗಿ ಒಂದು ಪ್ಲೇಟ್ ಪಾನಿಪುರಿ ಕೊಡಿಸಿ. ದುಡ್ಡು ನೀವೇ ಕೊಡಿ, ಸೆಮಿನರಿ ಹುಡುಗರ ಹತ್ತಿರ ಇರುವುದಿಲ್ಲ.